ಗೋಡೆಯೊಳಗೆ ಮುಚ್ಚಿಸಿದ ಗ್ಯಾಸ್ ಪೈಪು

ನಮ್ಮ ಅತ್ತೆಗೆ ಆಗ ಎಪ್ಪತ್ತೊಂಬತ್ತು. ಬೇಸಿಗೆಯ ಒಂದು ಬೆಳಿಗ್ಗೆ ತರಕಾರಿ ಹೆಚ್ಚಲು ಈಳಿಗೆ ತೆಗೆದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತವರು ಐದು ನಿಮಿಷದಲ್ಲಿ ಎದ್ದು ಹೊರಗೆ ಬಂದರು. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು.

"ಏನೋ ಸತ್ತೈತಿ ನೋಡವಾ ಒಳಗ," ಎಂದರು. "ಕೊಳತ ಉಳ್ಳಾಗಡ್ಡಿ ವಾಸನಿ ಬರಾಕತ್ತೈತಿ."

ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತು ಉಸಿರೆಳೆದುಕೊಂಡೆ. ನನಗೆ ಒಗ್ಗರಣೆಯ ವಾಸನೆ ಬಿಟ್ಟರೆ ಏನೂ ಬರಲಿಲ್ಲ. "ಏನೂ ಇಲ್ರಿ ಅತ್ತಿ," ಎಂದು ಹೇಳಿ ಆಫೀಸಿಗೆ ಹೊರಟೆ. ಆ ದಿನ ನಾನು ಮಾಡಿದ್ದು ಇಷ್ಟೇ. ಮುಂದಿನ ಎರಡು ತಿಂಗಳು ನಾನು ಮಾಡಿದ್ದು ಇದಕ್ಕಿಂತ ಕೀಳಾದದ್ದು.

ನಮ್ಮದು ತೆಲುಗು ಸೀಮೆಯಲ್ಲಿ, ಲಿಂಗಂಪಲ್ಲಿ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿಯಲ್ಲಿರುವ ಹಳೆಯ ಅಪಾರ್ಟ್‌ಮೆಂಟು. ಸುತ್ತ ಹೊಲಗಳಿದ್ದ ಕಾಲದಲ್ಲಿ ಕಟ್ಟಿದ್ದು. ನನ್ನ ಗಂಡನ ಮನೆಯವರು ಮೂಲತಃ ವಿಜಯಪುರದ ಕಡೆಯವರು. ಮಾವನವರು ಸರ್ಕಾರಿ ನೌಕರಿಗೆಂದು ಇಲ್ಲಿಗೆ ಬಂದು ಇಲ್ಲಿಯೇ ನಿಂತರು. ಫ್ಲ್ಯಾಟು ಅವರೇ ಕೊಂಡದ್ದು. ಅಡುಗೆಮನೆಯ ಹಿಂದಿನ ಸಣ್ಣ ಬಾಲ್ಕನಿಯಲ್ಲಿ ಸಿಲಿಂಡರು. ಅಲ್ಲಿಂದ ಒಂದು ಕಬ್ಬಿಣದ ಪೈಪು ಗೋಡೆ ದಾಟಿ ಒಳಗೆ ಬಂದು, ಕಟ್ಟೆಯ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತೆ ಹರಿದು ಒಲೆಯ ಪಕ್ಕದಲ್ಲಿ ಗ್ಯಾಸ್ ತೆರೆದು ಮುಚ್ಚುವ ಕಾಕಿಗೆ ಮುಟ್ಟುತ್ತಿತ್ತು. ಮಾವನವರು ಪ್ರತಿ ದೀಪಾವಳಿಗೆ ಅದಕ್ಕೆ ತಾವೇ ಬಣ್ಣ ಬಳಿಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಣ್ಣ ಎದ್ದು, ಎಣ್ಣೆ ಜಿಡ್ಡು ಹಿಡಿದು, ಅದರ ಮೇಲೆ ಧೂಳು ಕೂತು, ಮುಟ್ಟಿದರೆ ಕೈಗೆ ಅಂಟುವಂತಾಗಿತ್ತು. ನನಗೆ ಆ ಪೈಪನ್ನು ಕಂಡರೆ ಆಗುತ್ತಿರಲಿಲ್ಲ.

ಅತ್ತೆ ಮೂಗು ಮುಚ್ಚಿಕೊಂಡು ಹೊರಬಂದ ದಿನಕ್ಕೆ ಎರಡು ವರ್ಷ ಮೊದಲು ಅಡುಗೆಮನೆ ಹೊಸದು ಮಾಡಿಸಿದೆವು. ಕೆಲಸ ಹಿಡಿದ ಕಂಟ್ರಾಕ್ಟರು ರಾಯಚೂರಿನ ಕಡೆಯವನು. ನಮ್ಮ ಭಾಷೆಯವನು ಎಂಬ ಒಂದೇ ಕಾರಣಕ್ಕೆ ಅವನನ್ನು ನಂಬಿದೆವು. ಒಲೆ ಇದ್ದಲ್ಲಿ ಸಿಂಕು, ಸಿಂಕು ಇದ್ದಲ್ಲಿ ಒಲೆ, ಕೆಳಗೆಲ್ಲ ಬಿಳಿ ಬಾಗಿಲಿನ ಕಪಾಟುಗಳು, ಎಂದು ಅವನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ. ಪೈಪು ಏನು ಮಾಡುತ್ತೀರಿ ಎಂದು ಕೇಳಿದೆ.

"ಹೆಂಗ್ ಬೇಕ್ರಿ ಮೇಡಂ? ಹೊರಗ ಇಡಬೇಕೋ, ಒಳಗ ಮುಚ್ಚಬೇಕೋ?"

"ನನ್ನ ಕಣ್ಣಿಗೆ ಅದು ಎಲ್ಲೂ ಕಾಣಬಾರದು," ಎಂದೆ.

"ಕಾಣಂಗಿಲ್ಲ ಬಿಡ್ರಿ," ಎಂದ.

ಕೆಲಸ ನಡೆದ ಮೂರು ವಾರ ನಾವು ಮಿಯಾಪುರದಲ್ಲಿದ್ದ ನನ್ನ ತಂಗಿಯ ಮನೆಯಲ್ಲಿದ್ದೆವು. ಮರಳಿ ಬಂದಾಗ ಗೋಡೆ ತುಂಬ ತಿಳಿಹಸಿರು ಟೈಲ್ಸು ಹೊಳೆಯುತ್ತಿತ್ತು. ಪೈಪು ಇರಲಿಲ್ಲ. ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ. ನೆಂಟರು ಬಂದಾಗಲೆಲ್ಲ ಕಪಾಟಿನ ಬಾಗಿಲು ತೆಗೆದು ಮುಚ್ಚಿ, ಸದ್ದೇ ಆಗುವುದಿಲ್ಲ ನೋಡಿ ಎಂದು ತೋರಿಸುತ್ತಿದ್ದೆ.

ಅತ್ತೆಯ ದೂರು ದಿನವೂ ಬರತೊಡಗಿತು. ಮೊದಲು ಸಿಂಕಿನ ಮೋರಿಗೆ ಆ್ಯಸಿಡ್ ಸುರಿದೆ. ಆಮೇಲೆ ಫಿನಾಯಿಲ್, ಆಮೇಲೆ ಕರ್ಪೂರ. ಎಲ್ಲ ಸೇರಿ ಅಡುಗೆಮನೆ ಆಸ್ಪತ್ರೆಯ ಶೌಚಾಲಯದಂತೆ ನಾರತೊಡಗಿತು. ಅತ್ತೆ ಮಾತ್ರ, "ಅದರ ಬುಡಕ ಆ ವಾಸನಿ ಇನ್ನೂ ಐತಿ," ಎನ್ನುವುದನ್ನು ಬಿಡಲಿಲ್ಲ. ನನ್ನ ಗಂಡನಿಗೆ ಸಿಟ್ಟು ಬಂತು. "ಅವ್ವ, ಮನಿ ತುಂಬ ನಿನಗೊಬ್ಬಾಕಿಗೇ ಹೆಂಗ ಬರತೈತಿ?" ಎಂದು ಕೇಳಿದರು. ವಯಸ್ಸಾದವರಿಗೆ ಇಲ್ಲದ ವಾಸನೆ ಬರುವುದುಂಟು ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದೆ. ಒಂದು ಶನಿವಾರ ಅವರನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಮೂಗಿಗೆ ಬಿಡುವ ಹನಿ ಬರೆದುಕೊಟ್ಟರು. ದಿನಕ್ಕೆ ಮೂರು ಸಲ ಅತ್ತೆ ತಲೆ ಹಿಂದಕ್ಕೆ ಬಾಗಿಸಿ ಸುಮ್ಮನೆ ಹನಿ ಹಾಕಿಸಿಕೊಂಡರು. ಹಾಕುತ್ತಿದ್ದವಳು ನಾನೇ. "ನನ್ನ ಮೂಗ ನೆಟ್ಟಗೈತಿವಾ," ಎಂದು ಒಂದೇ ಸಲ ಹೇಳಿದರು. ಆಮೇಲೆ ವಾಸನೆಯ ಮಾತನ್ನೇ ಎತ್ತಲಿಲ್ಲ. ಈಳಿಗೆಯನ್ನು ಹಾಲಿಗೆ ತಂದುಕೊಂಡು ಅಲ್ಲಿಯೇ ಕೂತು ಹೆಚ್ಚತೊಡಗಿದರು.

ವಾಸನೆಯ ಮಾತನ್ನು ಆಡಿದ ಇನ್ನೊಬ್ಬಳು ನಮ್ಮ ಕೆಲಸದವಳು. ಆರು ವರ್ಷದಿಂದ ನಮ್ಮಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದ ತೆಲುಗು ಹೆಂಗಸು. ಒರೆಸುವಾಗ ತಲೆ ಸುತ್ತುತ್ತದೆ, ಒಲೆಯ ಕೆಳಗಿನ ಕಪಾಟಿನಿಂದ ಏನೋ "ವಾಸನ ವಸ್ತುಂದಿ", ವಾಸನೆ ಬರುತ್ತದೆ ಎಂದು ಎರಡು ಸಲ ಹೇಳಿದಳು. ನಾನು ಆ ಕಪಾಟು ತೆಗೆದು ಬಗ್ಗಿ ನೋಡಿದೆ. ಮೂಲೆಯಲ್ಲಿ ಇಲಿಯ ಹಿಕ್ಕೆ ಕಂಡಿತು. ಅಷ್ಟೇ ಸಾಕಾಯಿತು ನನಗೆ. ಮುಸುರೆ ಸರಿಯಾಗಿ ಎಸೆಯುವುದಿಲ್ಲ, ಎಂಜಲನ್ನು ಕಪಾಟಿನ ಹಿಂದೆ ತಳ್ಳುತ್ತೀಯ, ಅದಕ್ಕೇ ಇಲಿ ಬಂದಿದೆ, ಅದಕ್ಕೇ ನಾತ ಎಂದು ಅವಳ ಮೇಲೆ ಹರಿಹಾಯ್ದೆ. ಅವಳು ಒರೆಸುವ ಬಟ್ಟೆಯನ್ನು ಹಿಂಡಿ, ಬಕೆಟ್ಟಿನ ಅಂಚಿಗೆ ಹರವಿ, ಹೊರಟುಹೋದಳು. ಮರುದಿನ ಬರಲಿಲ್ಲ. ಬರಬೇಡ ಎಂದು ಹೇಳುವ ಕೆಲಸ ತಪ್ಪಿತು ಎಂದು ನಾನು ಸಮಾಧಾನಪಟ್ಟುಕೊಂಡೆ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ.

ಕೊನೆಗೆ, ಇಲಿ ಒಳಗೆ ಸತ್ತಿರಬಹುದು, ಹಿಂದಿನ ಹಲಗೆ ಬಿಚ್ಚಿಸೋಣ ಎಂದು ಕಂಟ್ರಾಕ್ಟರನ್ನು ಕರೆಸಿದೆ. ಅವನು ಸಂಜೆ ಐದರ ಹೊತ್ತಿಗೆ ಬಂದ. ಅವತ್ತು ಸಿಲಿಂಡರು ಬೆಳಿಗ್ಗೆಯೇ ಮುಗಿದಿತ್ತು. ಎರಡು ತಿಂಗಳು ಬರುತ್ತಿದ್ದ ಸಿಲಿಂಡರು ಐದೇ ವಾರಕ್ಕೆ ಮುಗಿದದ್ದಕ್ಕೆ ನಾನು ಗ್ಯಾಸ್ ಏಜೆನ್ಸಿಯವರನ್ನು ಬೈದಿದ್ದೆ. ತೂಕದಲ್ಲಿ ಮೋಸ ಎಂದು. ಕಂಟ್ರಾಕ್ಟರು ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೂಸಿದ.

"ಡ್ರೈನೇಜ್ ವಾಸನಿರಿ ಇದು," ಎಂದ.

"ಗ್ಯಾಸ್ ಏನಾದರೂ..."

"ಗ್ಯಾಸ್ ಎಲ್ಲಿಂದ ಬರತೈತ್ರಿ ಮೇಡಂ? ತಡೀರಿ, ನಿಮ್ಮ ಡೌಟ್ ತೆಗೀತೀನಿ."

ಅವನು ಜೇಬಿನಿಂದ ಸಿಗರೇಟಿನ ಲೈಟರು ತೆಗೆದು, ಕಪಾಟಿನೊಳಗೆ ಕೈ ಚಾಚಿ, ಹಿಂದಿನ ಹಲಗೆಯ ಸಂದಿಯಲ್ಲಿ ಚಕ್ ಎಂದು ಹಚ್ಚಿದ. ಜ್ವಾಲೆಯನ್ನು ಸಂದಿಯುದ್ದಕ್ಕೂ ಆ ತುದಿಯಿಂದ ಈ ತುದಿಗೆ ಆಡಿಸಿದ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದೆ.

"ನೋಡಿದ್ರ್ಯಾ? ಏನಾರ ಆತೇನು? ಟೆನ್ಷನ್ ತಗೋಬ್ಯಾಡ್ರಿ," ಎಂದು ಹಲ್ಲು ಕಿರಿದ.

ನಾನು ಅವನಿಗೆ ಚಹಾ ಕೊಟ್ಟು ಕಳಿಸಬೇಕೆಂದುಕೊಂಡೆ. ಗ್ಯಾಸ್ ಇಲ್ಲದ್ದರಿಂದ ಮಜ್ಜಿಗೆ ಕೊಟ್ಟೆ.

ಮರುದಿನ ಹೊಸ ಸಿಲಿಂಡರು ಬಂತು. ನಾನು ಏಜೆನ್ಸಿಗೆ ಬೈದದ್ದಕ್ಕೋ ಏನೋ, ಅದರ ಮರುದಿನ ಅವರು ತಮ್ಮ ಮೆಕ್ಯಾನಿಕ್ಕನ್ನೂ ಕಳಿಸಿದರು. ಐವತ್ತು ದಾಟಿದ, ಗಡ್ಡಕ್ಕೆ ಗೋರಂಟಿ ಹಚ್ಚಿದ ಮನುಷ್ಯ. ಮಾತು ಪೂರ್ತಿ ದಖನಿ ಉರ್ದು. ಮೊದಲು ಬಾಲ್ಕನಿಗೆ ಹೋಗಿ ಸಿಲಿಂಡರಿನ ಬಾಯಿಗೆ ಸೋಪಿನ ನೀರು ಹಚ್ಚಿ ನೋಡಿದ. ಗುಳ್ಳೆ ಏಳಲಿಲ್ಲ. ಗೋಡೆಯೊಳಗೆ ಹೋಗುವ ಪೈಪನ್ನು ಬೆರಳಿನಿಂದ ಬಡಿದು ನೋಡಿದ. ಆಮೇಲೆ ಒಳಗೆ ಬಂದು ಒಲೆಯ ಕೆಳಗಿನ ತೂತಿನಿಂದ ಹೊರಬಂದಿದ್ದ ಪೈಪನ್ನು ಮುಟ್ಟಿದ. ಅದು ಕಿತ್ತಳೆ ಬಣ್ಣದ ರಬ್ಬರು.

"ಅಮ್ಮಾ, ಅಲ್ಲಿ ಒಳಗೆ ಹೋಗಿದ್ದು ಲೋಹಾ. ಇಲ್ಲಿ ಹೊರಗೆ ಬಂದಿದ್ದು ರಬ್ಬರ್. ನಡುವೆ ಎಲ್ಲಿ ಬದಲಾಯಿತು?" ಎಂದು ತನ್ನ ಭಾಷೆಯಲ್ಲಿ ಕೇಳಿದ.

ನಾನು ಟೈಲ್ಸಿನ ಗೋಡೆಯ ಕಡೆ ಕೈ ತೋರಿಸಿದೆ. ಅವನು ಕೂಡಲೇ ನೆಲಕ್ಕೆ ಕೈಯೂರಿ, ಹೆಚ್ಚುಕಡಿಮೆ ಮಲಗಿದಂತೆ ಬಗ್ಗಿ, ಕಪಾಟಿನ ಬುಡಕ್ಕೆ ಮೂಗು ಹಚ್ಚಿದ. ಎದ್ದವನ ಮುಖ ಬದಲಾಗಿತ್ತು. ಅಷ್ಟರಲ್ಲಿ ನಾನು, ಅವನಿಗೆ ಬೆಳಕು ಸಾಲದೇನೋ ಎಂದು ಸ್ವಿಚ್ಚಿನ ಕಡೆ ಕೈ ಚಾಚಿದ್ದೆ.

"ನಕ್ಕೊ! ಸ್ವಿಚ್ ಕೋ ಹಾತ್ ನಕ್ಕೊ ಲಗಾವೋ!" ಎಂದು ಕೂಗಿದ.

ಕೈ ಹಿಂದಕ್ಕೆಳೆದುಕೊಂಡೆ. ಅವನು ಓಡಿಹೋಗಿ ಸಿಲಿಂಡರಿನ ರೆಗ್ಯುಲೇಟರು ಮುಚ್ಚಿದ. ಬಾಲ್ಕನಿ ಬಾಗಿಲು, ಮುಂಬಾಗಿಲು, ಕಿಟಕಿ ಎಲ್ಲ ತೆರೆದ. ನನ್ನನ್ನೂ ಅತ್ತೆಯನ್ನೂ ಹೊರಗೆ ಮೆಟ್ಟಿಲಿನ ಹತ್ತಿರ ನಿಲ್ಲಿಸಿದ. ತಿರುಗುತ್ತಿದ್ದ ಹೊಗೆ ಫ್ಯಾನನ್ನು ನಿಲ್ಲಿಸಲೇ ಎಂದು ಕೇಳಿದ್ದಕ್ಕೆ, ತಿರುಗುತ್ತಿರುವುದು ತಿರುಗಲಿ, ನಿಂತದ್ದು ನಿಂತಿರಲಿ, ಹಚ್ಚುವಾಗಲೂ ಆರಿಸುವಾಗಲೂ ಕಿಡಿ ಹಾರುತ್ತದೆ ಎಂದ. ಈ ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಅಲ್ಲೇ ಹರಡುತ್ತದೆ, ನಿಂತವರ ಮೂಗಿಗೆ ತಡವಾಗಿ ಬರುತ್ತದೆ ಎಂದು ಅವನು ಹೇಳಿದಾಗ ನಾನು ಅತ್ತೆಯ ಮುಖ ನೋಡಲಿಲ್ಲ. ನೆಲದ ಮೇಲೆ ಕೂತು ಹೆಚ್ಚುವವರಿಗೂ, ನೆಲ ಒರೆಸುವವಳಿಗೂ ಬಂದದ್ದು, ನಿಂತು ಅಡುಗೆ ಮಾಡುವ ನನಗೆ ಬಂದಿರಲಿಲ್ಲ.

ಅರ್ಧ ಗಂಟೆ ಗಾಳಿಯಾಡಿದ ಮೇಲೆ ಅವನು ಒಲೆಯ ಕೆಳಗಿನ ಕಪಾಟಿನ ಹಿಂದಿನ ಹಲಗೆಯನ್ನು ಕೈ ಉಳಿಯಿಂದ ನಿಧಾನವಾಗಿ ಎಬ್ಬಿಸಿದ. ಹಲಗೆ ನೀರು ಕುಡಿದು ಉಬ್ಬಿ, ಹಸಿ ರೊಟ್ಟಿಯಂತೆ ಕೈಯಲ್ಲಿ ಮುರಿದುಬಂತು. ಹಿಂದೆ ಗೋಡೆಗೂ ಕಪಾಟಿಗೂ ನಡುವೆ ಒಂದು ಗೇಣು ಜಾಗ. ಅಲ್ಲಿದ್ದದ್ದನ್ನು ನಾನು ಇವತ್ತಿಗೂ ಊಟದ ಮುಂದೆ ನೆನೆಸಿಕೊಳ್ಳಲಾರೆ. ಜಿರಳೆಗಳು ಗೋಡೆಯೇ ಜಾರಿದಂತೆ ಕೆಳಕ್ಕೆ ಇಳಿದವು. ಇಲಿಯ ಗೂಡು: ನನ್ನದೇ ಕೈಬಟ್ಟೆಯ ಚೂರು, ನನ್ನದೇ ತಲೆಗೂದಲು, ಥರ್ಮಾಕೋಲು, ಎಣ್ಣೆ ಪ್ಯಾಕೆಟ್ಟಿನ ಮೂಲೆಗಳು. ಅದರೊಳಗೆ ಒಣಗಿ ಚಪ್ಪಟೆಯಾದ ಎರಡು ಮರಿ. ಅವುಗಳ ಮೇಲೆ ತೂಗುತ್ತಿದ್ದದ್ದು ರಬ್ಬರು ಪೈಪು.

ಕಂಟ್ರಾಕ್ಟರು ಹಳೆಯ ಕಬ್ಬಿಣದ ಪೈಪನ್ನು ಗೋಡೆಯ ಮಧ್ಯದಲ್ಲೇ ಕತ್ತರಿಸಿದ್ದ. ಅದರ ತುದಿಗೆ ರಬ್ಬರು ಸಿಕ್ಕಿಸಿ, ಕ್ಲಿಪ್ಪು ಹಾಕಿ, ಮೇಲೆ ಬನಿಯನ್ ಬಟ್ಟೆಯ ಪಟ್ಟಿ ಸುತ್ತಿ, ಅದರ ಮೇಲೆ ಸಿಮೆಂಟು ಮೆತ್ತಿದ್ದ. ಅಲ್ಲಿಂದ ರಬ್ಬರು ಗೋಡೆಯ ಗೀರಿನಲ್ಲಿ ಸಾಗಿ, ಕಪಾಟುಗಳ ಹಿಂದೆ ತೂಗಾಡಿ, ಒಲೆಯ ಕೆಳಗೆ ಬಂದಿತ್ತು. ಅದರ ಮೇಲೆ ಇಲಿಯ ಹಲ್ಲಿನ ಗುರುತುಗಳು ಬಾಚಣಿಗೆಯ ಹಲ್ಲಿನಂತೆ ಸಾಲಾಗಿದ್ದವು. ಮೆಕ್ಯಾನಿಕ್ಕು ಅದನ್ನು ಬಾಗಿಸಿ ತೋರಿಸಿದ. ಒಂದು ಕಡೆ ಒಳಗಿನ ಪದರದವರೆಗೂ ಸೀಳು ಬಾಯಿಬಿಟ್ಟಿತ್ತು.

ಎರಡು ದಿನದ ಹಿಂದೆ ಲೈಟರು ಹಚ್ಚಿದ್ದು ಆ ಸೀಳಿನ ಎದುರಿಗೇ. ಸಿಲಿಂಡರು ಖಾಲಿಯಾಗಿದ್ದರಿಂದ ಮಾತ್ರ ನಾವು ಮೂವರು ಉಳಿದಿದ್ದೆವು.

ಮೆಕ್ಯಾನಿಕ್ಕು ಅತ್ತೆಗೆ ವಿವರಿಸತೊಡಗಿದ. ಅತ್ತೆಯ ಉರ್ದು ನನ್ನದಕ್ಕಿಂತ ಚೆನ್ನಾಗಿದೆ. ಪೈಪು ಗೋಡೆಯ ಮೇಲೆ ಕಣ್ಣಿಗೆ ಕಾಣುವಂತೆ ಇರಬೇಕು. ಗೋಡೆ ದಾಟುವಲ್ಲಿ ಅದರ ಸುತ್ತ ಇನ್ನೊಂದು ದೊಡ್ಡ ಕೊಳವೆ ಇರಬೇಕು, ಸಿಮೆಂಟು ತಾಗಬಾರದು. ಗೋಡೆಯೊಳಗೆ ಜಾಯಿಂಟು ಎಂಬುದು ಇರಲೇಬಾರದು. ರಬ್ಬರು ಒಲೆಗೆ ಸೇರುವ ಕೊನೆಯ ತುಂಡಿಗೆ ಮಾತ್ರ. ಅದೂ ಗಿಡ್ಡದು, ಮೇಲೆ ಬರೆದ ತಾರೀಖು ಮುಗಿದ ಕೂಡಲೇ ಬದಲಾಯಿಸುವಂಥದ್ದು. ಮುಚ್ಚುವ ಕಾಕು ಕೈಗೆ ಸಿಗುವಲ್ಲಿರಬೇಕು. ಒಲೆಯ ಕೆಳಗಿನ ಕಪಾಟಿಗೆ ಬುಡದಲ್ಲಿ ಗಾಳಿ ಕಂಡಿ ಬೇಕು. ಸೋರಿಕೆ ಹುಡುಕುವುದು ಸೋಪಿನ ನೀರಿನಿಂದ, ಬೆಂಕಿಯಿಂದಲ್ಲ. ಹಳೆಯ ಮನೆಯಲ್ಲಿ ಪೈಪು ಎಲ್ಲಿ ಹೋಗಿದೆ ಎಂದು ಗೊತ್ತಿಲ್ಲದಿದ್ದರೆ ಗೋಡೆಗೆ ಮೊಳೆ ಕೂಡ ಹೊಡೆಯಬಾರದು. ಆ ಪೈಪನ್ನು ಬಿಟ್ಟು, ಬಾಯಿ ಮುಚ್ಚಿ, ಹೊಸದು ಎಳೆಸಬೇಕು.

"ಚೂಹೇ ಪೋ ಕ್ಯಾ ಗುಸ್ಸಾ ಕರನಾ, ಅಮ್ಮಾ," ಎಂದ. ಇಲಿಯ ಮೇಲೆ ಏನು ಸಿಟ್ಟು ಮಾಡುವುದು ಎಂದು. ಹಾಗೆ ಹೇಳುತ್ತ ನನ್ನ ಕಡೆ ನೋಡಿದ.

ಅತ್ತೆ ಎದ್ದುಹೋಗಿ ಫ್ರಿಜ್ಜಿನ ಮೇಲಿದ್ದ ಮೂಗಿನ ಹನಿಯ ಸೀಸೆ ತಂದು, ಆ ಇಲಿಗೂಡು ಗುಡಿಸಿಟ್ಟ ಮೊರದೊಳಗೆ ಹಾಕಿದರು.

ಕಂಟ್ರಾಕ್ಟರಿಗೆ ಫೋನು ಮಾಡಿದೆ. ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಮೇಡಂ, ಕಣ್ಣಿಗೆ ಕಾಣಬಾರದು ಅಂದಾವ್ರು ನೀವೇ ಅಲ್ಲೇನ್ರಿ. ಕಬ್ಬಿಣ ಅಷ್ಟು ತಿರುವು ತಿರುಗಂಗಿಲ್ಲ. ರಬ್ಬರ್ ಹಾಕದ ಹೆಂಗ ಮುಚ್ಚಲಿ? ಆ ಬಿಲ್ಡಿಂಗ್‌ನ್ಯಾಗ ಆರು ಮನಿ ಮಾಡೀನಿ, ಯಾರೂ ಕಂಪ್ಲೇಂಟ್ ಮಾಡಿಲ್ಲ," ಎಂದ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ, ನಾಚಿಕೆ ಇರಲಿಲ್ಲ. ಟೈಲ್ಸಿನ ಬಣ್ಣದ ಬಗ್ಗೆ ಮಾತಾಡುವಂತೆ ಮಾತಾಡಿದ. ನನ್ನ ಕೈಯಲ್ಲಿದ್ದ ಫೋನು ಕೂಡ ಹೊಲಸಾದಂತೆ ಅನಿಸಿತು. ಆದರೆ ಅವನು ಹೇಳಿದ್ದರಲ್ಲಿ ಮೊದಲ ಮಾತು ನಿಜವಾಗಿತ್ತು.

ಕೆಲಸದವಳು ಹಿಂದಿನ ಬ್ಲಾಕಿನಲ್ಲಿ ಇನ್ನೊಂದು ಮನೆ ಹಿಡಿದಿದ್ದಳು. ಅವಳು ಹೊರಬರುವ ಹೊತ್ತಿಗೆ ಗೇಟಿನ ಹತ್ತಿರ ಕಾದು ನಿಂತು, ನಡೆದದ್ದನ್ನು ಹೇಳಿದೆ. ನನ್ನ ತೆಲುಗಿನಲ್ಲಿ ಎಷ್ಟು ಸಾಧ್ಯವೋ ಅಷ್ಟು ಕ್ಷಮೆ ಕೇಳಿದೆ. ಮತ್ತೆ ಬಾ ಎಂದೆ.

"ನೇನು ಚೆಪ್ಪಾನು ಕದಮ್ಮಾ," ಎಂದಳು. ನಾನು ಹೇಳಿದ್ದೆನಲ್ಲಮ್ಮಾ ಎಂದು. ಎಂಜಲು ತಳ್ಳುತ್ತೀಯ ಎಂದ ಮನೆಯಲ್ಲಿ ಮತ್ತೆ ಪಾತ್ರೆ ಮುಟ್ಟಲು ಮನಸ್ಸು ಬರುವುದಿಲ್ಲ ಎಂದಳು. ಅತ್ತೆ ಹೇಗಿದ್ದಾರೆ ಎಂದು ವಿಚಾರಿಸಿ ಹೊರಟುಹೋದಳು.

ಕಂಟ್ರಾಕ್ಟರು ಮಾಡಿದ ಆರರಲ್ಲಿ ನಮ್ಮದು ಬಿಟ್ಟು ಇನ್ನೂ ಐದು ಮನೆಗಳಿದ್ದವಲ್ಲ. ಅದರಲ್ಲಿ ಒಂದು ನಮ್ಮ ತಲೆಯ ಮೇಲಿನದೇ. ಅಸೋಸಿಯೇಷನ್ ಸೆಕ್ರೆಟರಿಯ ಫ್ಲ್ಯಾಟು. ಆತ ಬೇರೆ ಬ್ಲಾಕಿನಲ್ಲಿದ್ದು ಇದನ್ನು ಬಾಡಿಗೆಗೆ ಕೊಟ್ಟಿದ್ದ. ಕಡಿದ ಪೈಪಿನ ಫೋಟೋ ತೆಗೆದು, ಎಲ್ಲರೂ ಪರೀಕ್ಷೆ ಮಾಡಿಸಿ ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಹತ್ತು ನಿಮಿಷದಲ್ಲಿ ಅದು ಅಳಿಸಿಹೋಯಿತು. ಸೆಕ್ರೆಟರಿ ನನಗೆ ಫೋನು ಮಾಡಿ, ನಗುನಗುತ್ತಲೇ, "ಮೇಡಂ, ಅಂಥ ಫೋಟೋ ಹಾಕಬೇಡಿ. ಬಿಲ್ಡಿಂಗಿನ ಹೆಸರು ಕೆಡುತ್ತದೆ. ಇಬ್ಬರು ಮೂವರು ಮಾರುವವರಿದ್ದಾರೆ," ಎಂದು ಹಿಂದಿಯಲ್ಲಿ ಹೇಳಿದ. ಜನ ಸತ್ತರೆ ಹೆಸರು ಉಳಿಯುತ್ತದೆಯೇ ಎಂದು ಕೇಳಿದೆ. "ಪಾಸಿಟಿವ್ ಆಗಿ ಯೋಚಿಸಿ," ಎಂದ.

ನಾನು ಮೇಲಕ್ಕೆ ಹೋದೆ. ಬಾಡಿಗೆಗಿದ್ದವರು ಉಡುಪಿ ಕಡೆಯ ಗಂಡಹೆಂಡತಿ, ಇಬ್ಬರೂ ಕಂಪ್ಯೂಟರ್ ಕೆಲಸದವರು. ಹೆಂಡತಿ ಬಾಗಿಲು ತೆರೆದು ನನ್ನ ಮಾತು ಮುಗಿಯುವ ಮೊದಲೇ, "ಆಂಟಿ, ನಮ್ಗೂ ಸಿಂಕಿನ ಹತ್ರ ವಾಸನೆ ಬರ್ತದೆ. ಓನರ್ ಹತ್ರ ಹೇಳಿದ್ರೆ ಫಿನಾಯಿಲ್ ಹಾಕಿ ಅಂತ ಹೇಳಿದ್ರು," ಎಂದಳು. ಅವತ್ತೇ ಸಿಲಿಂಡರು ಮುಚ್ಚಿಸಿದೆ. ಮರುದಿನ ಅದೇ ಮೆಕ್ಯಾನಿಕ್ಕು ಬಂದು, ಕಪಾಟಿನ ಹಲಗೆ ತೆಗೆದು, ಅದೇ ಕಿತ್ತಳೆ ರಬ್ಬರು ತೋರಿಸಿದ. ಇಲಿ ಕಡಿದಿರಲಿಲ್ಲ, ಬಿಸಿಗೆ ಮೆತ್ತಗಾಗಿ ಬೆರಳಿಗೆ ಬೆಲ್ಲದಂತೆ ಅಂಟುತ್ತಿತ್ತು. ಹಲಗೆ ತೆಗೆಸಿದ್ದಕ್ಕೆ ಸೆಕ್ರೆಟರಿ ಅವರ ಮೇಲೆ ಕೂಗಾಡಿದ. ಅವರು ಕರೆಂಟಿನ ಒಲೆಯಲ್ಲಿ ಅಡುಗೆ ಮಾಡಿಕೊಂಡು ತಿಂಗಳು ಕಳೆದು ಮನೆ ಖಾಲಿ ಮಾಡಿದರು.

ಸೆಕ್ರೆಟರಿ ಹೊಸ ಹಲಗೆ ಹೊಡೆಸಿ, ಬಣ್ಣ ಬಳಿಸಿ, ಬಾಡಿಗೆಗಿದೆ ಎಂದು ಬೋರ್ಡು ಹಾಕಿದ. ಒಳಗಿನ ಪೈಪು ಬದಲಾಯಿಸಿದಿರಾ ಎಂದು ಕೇಳಿದೆ. "ಎಲ್ಲಾ ಓಕೆ," ಎಂದ. ನನಗೆ ಅವನ ಶರ್ಟಿನ ಇಸ್ತ್ರಿ, ಅತ್ತರಿನ ಪರಿಮಳ, ಹಣೆಯ ಮೇಲಿನ ಕುಂಕುಮ ಎಲ್ಲವೂ ಅಸಹ್ಯವಾಗಿ ಕಂಡವು.

ಆಷಾಢ ಕಳೆದ ಮೇಲೆ ಅಲ್ಲಿಗೆ ಒಬ್ಬ ನರ್ಸು, ತನ್ನ ತಾಯಿಯ ಜೊತೆ ಬಂದಳು. ಸಾಮಾನು ಇನ್ನೂ ಲಾರಿಯಿಂದ ಇಳಿಯುತ್ತಿತ್ತು. ನಾನು ಮೇಲೆ ಹೋಗಿ, ಒಲೆ ಹಚ್ಚುವ ಮೊದಲು ಈ ಹಲಗೆ ತೆಗೆಸಿ ಎಂದೆ. ಅವಳು ಯಾಕೆ ಎಂದು ಒಂದೇ ಪ್ರಶ್ನೆ ಕೇಳಿದಳು. ಹೇಳಿದೆ. ಸುಟ್ಟಗಾಯದವರ ವಾರ್ಡಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ, ಸಾಕು ಎಂದು ಕೈ ತೋರಿಸಿ ನನ್ನ ಮಾತು ನಿಲ್ಲಿಸಿದಳು. ಸಂಜೆಯೊಳಗೆ ಹೊಸ ಹಲಗೆ ಕಳಚಿ ಬಿತ್ತು. ಅದರ ಹಿಂದೆ ಅದೇ ಹಳೆಯ ರಬ್ಬರು, ಅದೇ ಕ್ಲಿಪ್ಪು ಇತ್ತು. ಸೆಕ್ರೆಟರಿ ಬಾಗಿಲಲ್ಲಿ ನಿಂತು ಅರಚಿದ. ಅವಳು ಆ ರಬ್ಬರನ್ನು ಸುರುಳಿ ಸುತ್ತಿ ಅವನ ಕೈಯಲ್ಲಿಟ್ಟು, ಇದನ್ನು ಪೊಲೀಸರಿಗೆ ನೀವೇ ತೋರಿಸುತ್ತೀರೋ, ನಾನು ತೋರಿಸಲೋ ಎಂದು ಕೇಳಿದಳು. ಆ ವಾರವೇ ಅಲ್ಲಿ ತಾಮ್ರದ ಪೈಪು ಗೋಡೆಯ ಮೇಲೆ ಬಂತು.

ನಮ್ಮಲ್ಲೂ ಈಗ ಪೈಪು ತಿಳಿಹಸಿರು ಟೈಲ್ಸಿನ ಮೇಲೆ ಅಡ್ಡಲಾಗಿ ಹಾದುಹೋಗಿದೆ. ಉಳಿದ ನಾಲ್ಕರಲ್ಲಿ ಎರಡು ಮನೆಯವರು ಗೋಡೆ ತೆರೆಸಿದರು. ಇನ್ನಿಬ್ಬರು, ನಮ್ಮಲ್ಲಿ ವಾಸನೆಯೇ ಇಲ್ಲ ಎಂದು ಬಾಗಿಲ ಸರಪಳಿಯನ್ನೂ ತೆಗೆಯದೆ ನನ್ನನ್ನು ಕಳಿಸಿದರು. ಏಜೆನ್ಸಿಗೆ ಅವರ ಫ್ಲ್ಯಾಟಿನ ನಂಬರು ಬರೆದುಕೊಟ್ಟು ಬಂದಿದ್ದೇನೆ. ಸೆಕ್ರೆಟರಿ ಇನ್ನೂ ಅದೇ ಹುದ್ದೆಯಲ್ಲಿದ್ದಾನೆ. ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಅವನು ಕಂಡರೆ ನಾನು ಮೆಟ್ಟಿಲು ಹತ್ತಿ ಹೋಗುತ್ತೇನೆ. ಅವನ ಜೊತೆ ಆ ಇಕ್ಕಟ್ಟಿನಲ್ಲಿ ನಿಂತು ಉಸಿರಾಡಲು ನನಗೆ ಮನಸ್ಸಾಗುವುದಿಲ್ಲ.